ಗೌದೆಂಚ್ಯೊನ ಮೊನಾಕೋ ಗಿರಾಕಿ

ನಮ್ಮ ಕಾಸ್ತೆಲ್‌ಗ್ರಿಲ್ಲೊದಲ್ಲಿ ಇರುವುದು ಒಂದೇ ಕ್ಷೌರದಂಗಡಿ. ಅದರ ಯಜಮಾನ ಗೌದೆಂಚ್ಯೊ ಒರೆಂಗೊ. ಅವನು ಕತ್ತರಿ ಹಿಡಿದು ನಲವತ್ತು ವರ್ಷವಾದರೂ ಊರಿನಲ್ಲಿ ಯಾರೊಬ್ಬರ ಎರಡು ಕಿವಿಯ ಮೇಲಿನ ಕೂದಲೂ ಸಮವಾಗಿ ನಿಂತದ್ದಿಲ್ಲ. ಊರೇ ಬೆಟ್ಟದ ಇಳಿಜಾರಿನಲ್ಲಿ ಓರೆಯಾಗಿ ಕೂತಿರುವಾಗ ತಲೆ ಮಾತ್ರ ನೆಟ್ಟಗಿದ್ದು ಏನಾಗಬೇಕು ಎಂದು ನಾವು ಸಮಾಧಾನ ಮಾಡಿಕೊಂಡಿದ್ದೆವು.

ಇಂಥ ಗೌದೆಂಚ್ಯೊನಿಗೆ ಗಡಿಯಾಚೆ ಮೊನಾಕೋ ಎಂಬ ಪುಟ್ಟ ದೇಶದಲ್ಲಿ ಒಬ್ಬ ಗಿರಾಕಿಯಿದ್ದ. ಸಾಮಾನ್ಯ ಗಿರಾಕಿಯಲ್ಲ, ಕೊಮೆಂದತೋರೆ ಎಂದು ಸರ್ಕಾರದಿಂದಲೇ ಬಿರುದು ಪಡೆದ ಶ್ರೀಮಂತ. ತಿಂಗಳ ಮೊದಲ ಸೋಮವಾರ ಆತನ ತಲೆಯನ್ನು ಗೌದೆಂಚ್ಯೊನೇ ಮುಟ್ಟಬೇಕು. ಬೇರೆಯವರು ಮುಟ್ಟಿದರೆ ಆತನಿಗೆ ತಲೆನೋವು ಬರುತ್ತದೆ. ಇದು ಇಪ್ಪತ್ತು ವರ್ಷಗಳಿಂದ ಊರಿಗೆಲ್ಲ ಗೊತ್ತಿದ್ದ ಸಂಗತಿ. ನಮ್ಮಲ್ಲಿ ಕ್ಷೌರದಂಗಡಿಗಳಿಗೆ ಸೋಮವಾರ ರಜಾ. ಆ ದಿನ ಅವನು ಕತ್ತರಿ, ಬಾಚಣಿಗೆ, ಒಂದು ಬಿಳಿಯ ಟವೆಲನ್ನು ಚೀಲಕ್ಕೆ ಹಾಕಿಕೊಂಡು ಬೆಳಗಿನ ಏಳರ ಬಸ್ಸಿನಲ್ಲಿ ಬೆಟ್ಟ ಇಳಿದರೆ ಮತ್ತೆ ಬರುವುದು ಸಂಜೆಗೇ.

ಈ ಗಿರಾಕಿ ಹುಟ್ಟಿದ ಕತೆ ನಮಗೆ ಗೊತ್ತಾದದ್ದು ಬಹಳ ತಡವಾಗಿ. ಗೌದೆಂಚ್ಯೊನ ಹೆಂಡತಿ ಎರ್ಸೀಲಿಯ ಒಳ್ಳೆಯವಳು. ಅವಳ ಅಕ್ಕ ನೀವೆಸ್ ಪಕ್ಕದ ಮನೆಯವಳು. ಪಕ್ಕದ ಮನೆ ಎಂದರೆ ಮಲಗಲು ಮಾತ್ರ. ಉಳಿದ ಹೊತ್ತೆಲ್ಲ ತಂಗಿಯ ಮನೆಯಲ್ಲಿ. ಮೂವತ್ತು ವರ್ಷ ಊರಿನ ಅಂಚೆ ಕಚೇರಿಯಲ್ಲಿ ಕೂತು ಬಂದ ಕಾಗದಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿ ರೂಢಿಯಾದವಳು, ನಿವೃತ್ತಿಯಾದ ಮೇಲೆ ಮನುಷ್ಯರನ್ನೂ ಹಾಗೆಯೇ ನೋಡುತ್ತಿದ್ದಳು. ಇಪ್ಪತ್ತು ವರ್ಷದ ಹಿಂದೆ ಒಂದು ಸಂಜೆ ಗೌದೆಂಚ್ಯೊ ಬಿಸಿಲಿಗೆ ಮುಖ ಕೆಂಪಗೆ ಸುಟ್ಟುಕೊಂಡು ಮನೆಗೆ ಬಂದಾಗ, "ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ಕೇಳಿದಳು. ಏನು ಹೇಳಬೇಕೋ ತೋಚದೆ ಅವನು "ಮೊನಾಕೋಗೆ. ಗಿರಾಕಿ ಇದ್ದ" ಎಂದುಬಿಟ್ಟ. ನೀವೆಸ್ ಬಾಯಿ ತೆರೆದಳು, ಮಾತು ಬರಲಿಲ್ಲ, ಬಾಯಿ ಮುಚ್ಚಿದಳು. ಮದುವೆಯಾದಂದಿನಿಂದ ಆ ಮನೆಯಲ್ಲಿ ಗೌದೆಂಚ್ಯೊ ಕೇಳಿದ ಮೊದಲ ಮೌನ ಅದು. ಅದರ ರುಚಿ ಹತ್ತಿತು. ಮುಂದಿನ ತಿಂಗಳು ಗಿರಾಕಿಗೆ ಬಿರುದು ಬಂತು, ಅದರ ಮುಂದಿನ ತಿಂಗಳು ಮಹಡಿ ಮನೆ ಬಂತು, ವರ್ಷ ತುಂಬುವುದರೊಳಗೆ ಒಂದು ದೋಣಿಯೂ ಬಂತು.

ಕಳೆದ ವಸಂತದಲ್ಲಿ ಒಂದು ಭಾನುವಾರ, ಪ್ರಾರ್ಥನೆ ಮುಗಿದು ಊರೆಲ್ಲ ನನ್ನ ಕಾಫಿ ಅಂಗಡಿಯಲ್ಲಿ ಸೇರಿತ್ತು. ನೀವೆಸ್ ಚಮಚದಿಂದ ಲೋಟ ಬಡಿದಳು.

"ಗೌದೆಂಚ್ಯೊ, ನಾಳೆ ಅಲ್ಲ, ಮುಂದಿನ ಸೋಮವಾರ, ನೀನು ಹೋಗೋ ದಿನಾನೇ, ನನ್ನ ಹುಟ್ಟಿದ ದಿನ. ಎಪ್ಪತ್ತು ತುಂಬುತ್ತೆ."

"ನೂರು ತುಂಬ್ಲಿ, ಅತ್ತಿಗೆ."

"ಅದು ಆಮೇಲಿನ ಮಾತು. ನನ್ನನ್ನ ಮೊನಾಕೋಗೆ ಕರ್ಕೊಂಡು ಹೋಗು. ನಿನ್ನ ಕೊಮೆಂದತೋರೆನ ನೋಡ್ಬೇಕು."

ಗೌದೆಂಚ್ಯೊನ ಕೈಯಲ್ಲಿದ್ದ ಕಾಫಿಯ ಬಟ್ಟಲು ತಟ್ಟೆಗೂ ತುಟಿಗೂ ನಡುವೆ ನಿಂತಿತು.

"ಅವರಿಗೆ ಮೈ ಸರಿಯಿಲ್ಲ."

"ಹಾಗಾದ್ರೆ ಹೋಗ್ಲೇಬೇಕು. ಕಿತ್ತಳೆ ಹಣ್ಣು ತಗೊಂಡು ಹೋಗೋಣ."

"ಅಂಟುರೋಗ, ಅತ್ತಿಗೆ."

"ಅಂಟುರೋಗದವನ ತಲೆ ಮುಟ್ಟಿ ಬಂದು ನಮ್ಮೂರೋರ ತಲೆ ಮುಟ್ತಿದ್ದೀಯಾ?"

ಅಂಗಡಿಯಲ್ಲಿದ್ದ ಗಂಡಸರೆಲ್ಲ ಒಟ್ಟಿಗೆ ತಲೆ ಮುಟ್ಟಿ ನೋಡಿಕೊಂಡರು. ಗೌದೆಂಚ್ಯೊ ಗಾಬರಿಯಾಗಿ, "ಈಗ ವಾಸಿಯಾಗಿದೆ, ಪೂರ್ತಿ ವಾಸಿಯಾಗಿದೆ" ಎಂದ.

"ಸರಿ ಹಾಗಾದ್ರೆ, ಹೊರಡೋಣ" ಎಂದಳು ನೀವೆಸ್.

"ನಾನೂ ಬರ್ತೀನಿ" ಎಂದಳು ಎರ್ಸೀಲಿಯ. "ಇಪ್ಪತ್ತು ವರ್ಷ ಆ ಮನುಷ್ಯನ ಟವೆಲ್ ಒಗೆದಿದ್ದೀನಿ. ಕೂದಲು ಒಂದೂ ಇರಲ್ಲ, ಬರೀ ಮರಳು. ಅಷ್ಟೊಂದು ಮರಳಿರೋ ತಲೆ ಹೆಂಗಿರುತ್ತೆ ನೋಡ್ಬೇಡ್ವಾ?"

ಊರಿನವರು ಅಲ್ಲಿಯೇ ಸಭೆ ನಡೆಸಿ, ನಿಷ್ಪಕ್ಷಪಾತಿಯಾದ ಒಬ್ಬ ಸಾಕ್ಷಿ ಜೊತೆಗೆ ಹೋಗಬೇಕೆಂದು ನನ್ನನ್ನು ಆರಿಸಿದರು. ನಾನು ಒಲ್ಲೆ ಎನ್ನಲಿಲ್ಲ. ಊರಿನ ಕೆಲಸ ಬಂದಾಗ ಕಾಫಿ ಅಂಗಡಿ ಬ್ಯಾಜ್ಯೊ ಹಿಂದೆ ಸರಿದ ಎಂದು ನಾಳೆ ಯಾರೂ ಅನ್ನಬಾರದು.

*

ನಮ್ಮ ಬೆಟ್ಟದ ಕೆಳಗಿನ ಕಡಲೂರು ವೆಂತಿಮಿಲ್ಯದಿಂದ ಮೊನಾಕೋಗೆ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ರೈಲು ಬೆಟ್ಟದ ಹೊಟ್ಟೆಯೊಳಗೆ ನುಗ್ಗಿ ಅಲ್ಲೇ ನಿಲ್ಲುತ್ತದೆ. ಮೊನಾಕೋದವರಿಗೆ ನಿಲ್ದಾಣವನ್ನು ನೆಲದ ಮೇಲೆ ಇಡುವಷ್ಟು ನೆಲವಿಲ್ಲ. ಇಳಿದವರು ನಾಲ್ಕೂ ದಿಕ್ಕಿಗೆ ಹೋಗುತ್ತಿದ್ದರು. ಗೌದೆಂಚ್ಯೊ ಆ ಜನರನ್ನೆಲ್ಲ ಒಮ್ಮೆ ನೋಡಿದ. ಅವನ ಹಣೆಯಲ್ಲಿ ಬೆವರು ಕಂಡ ಕ್ಷಣವೇ ನನಗೆ ವಿಷಯ ತಿಳಿದುಹೋಯಿತು: ಈ ಮನುಷ್ಯ ಇಲ್ಲಿಗೆ ಬರುತ್ತಿರುವುದು ಇದೇ ಮೊದಲು.

"ಎಡಕ್ಕಾ, ಬಲಕ್ಕಾ?" ಎಂದಳು ನೀವೆಸ್.

"ಮೇಲಕ್ಕೆ" ಎಂದ ಗೌದೆಂಚ್ಯೊ. ಎದುರಿಗೆ ಒಂದು ಲಿಫ್ಟು ಬಾಯಿ ತೆರೆದಿತ್ತು.

ಆ ಊರಿನಲ್ಲಿ ಬೀದಿಗಳಿಗಿಂತ ಲಿಫ್ಟುಗಳೇ ಹೆಚ್ಚು. ಒಂದರಿಂದ ಇಳಿದರೆ ಮೆಟ್ಟಿಲು, ಮೆಟ್ಟಿಲು ಮುಗಿದರೆ ಇನ್ನೊಂದು ಲಿಫ್ಟು. ಸಾಲದ್ದಕ್ಕೆ ಆ ತಿಂಗಳ ಕಾರು ಪಂದ್ಯಕ್ಕೆಂದು ಬೀದಿಬೀದಿಗೂ ಬೇಲಿ ಹಾಕಿ, ಕೂರುವವರಿಗೆ ಅಟ್ಟಣಿಗೆ ಕಟ್ಟಿದ್ದರು. ಗೌದೆಂಚ್ಯೊನಿಗೆ ಆ ಬೇಲಿಗಳು ದೇವರೇ ಕಳಿಸಿದ ಹಾಗಾದವು. ದಾರಿ ತಪ್ಪಿದಾಗಲೆಲ್ಲ ಬೇಲಿಯನ್ನು ತೋರಿಸಿ, "ಹೋದ ತಿಂಗಳು ಇದು ಇರ್ಲಿಲ್ಲ" ಎಂದು ತಲೆಯಾಡಿಸುತ್ತಿದ್ದ. ಒಂದು ಸಲ ಅದೇ ಮಾತನ್ನು ಒಂದು ಮುದಿ ಆಲಿವ್ ಮರಕ್ಕೂ ಹೇಳಿಬಿಟ್ಟ.

ನಲವತ್ತು ನಿಮಿಷ ಹತ್ತಿದ ಮೇಲೆ ನೀವೆಸ್ ಗೋಡೆಗೆ ಒರಗಿ ನಿಂತಳು. ತುಸು ಕೆಳಗೆ ಬಿಳಿ ಕೈಗವಸು ಹಾಕಿದ ಪೊಲೀಸನೊಬ್ಬ, ಈಗಷ್ಟೇ ಇಸ್ತ್ರಿ ಮಾಡಿ ನಿಲ್ಲಿಸಿದಂತೆ ನಿಂತಿದ್ದ.

"ಅಪ್ಪಾ, ಈ ಮೊನಾಕೋದಲ್ಲಿ ಕೊಮೆಂದತೋರೆ ಮನೆ ಯಾವ ಕಡೆ?"

ಪೊಲೀಸ ವಿನಯದಿಂದ ಟೋಪಿ ಮುಟ್ಟಿದ. "ಅಮ್ಮಾ, ಮೊದ್ಲು ನೀವು ಮೊನಾಕೋಗೆ ಬರ್ಬೇಕು. ನೀವು ನಿಂತಿರೋದು ಫ್ರಾನ್ಸಿನಲ್ಲಿ."

"ಏನಂದ್ರಿ?"

"ಆ ಹೂವಿನ ಕುಂಡ ಇದೆಯಲ್ಲ, ಅಲ್ಲಿಗೆ ನಮ್ಮ ದೇಶ ಮುಗೀತು."

ನೀವೆಸ್ ಕುಂಡವನ್ನು ದಾಟಿದಳು. ಹಿಂದಕ್ಕೆ ಬಂದಳು. ಮತ್ತೆ ದಾಟಿದಳು. ಎಪ್ಪತ್ತನೆಯ ಹುಟ್ಟುಹಬ್ಬದ ದಿನ ಒಬ್ಬ ಹೆಂಗಸು ಒಂದೇ ಉಸಿರಿನಲ್ಲಿ ಮೂರು ಸಲ ದೇಶಾಂತರ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

"ಇಪ್ಪತ್ತು ವರ್ಷ ಓಡಾಡಿದ ಜಾಗ!" ಎಂದಳು ಗೌದೆಂಚ್ಯೊನ ಕಡೆ ತಿರುಗಿ. "ನಮ್ಮನ್ನ ದೇಶದಿಂದಾನೇ ಆಚೆ ಹಾಕಿದ್ಯಲ್ಲೋ!"

"ಒಳದಾರಿ, ಅತ್ತಿಗೆ" ಎಂದ ಅವನು ಬಡಪಾಯಿ.

"ಕೊಮೆಂದತೋರೆ ಹೆಸರೇನು?" ಎಂದು ಪೊಲೀಸ ಕೇಳಿದ. "ಹೇಳಿದ್ರೆ ವಿಚಾರಿಸ್ತೀನಿ."

"ಬೇಡ ಬೇಡ, ಅವರಿಗೆ ಪ್ರಚಾರ ಇಷ್ಟ ಇಲ್ಲ" ಎಂದು ಗೌದೆಂಚ್ಯೊ ನಮ್ಮನ್ನು ಮೆಟ್ಟಿಲಿಳಿಸಿಕೊಂಡು ಓಡಿದ.

*

ಓಡಿ ಬಂದು ಮುಟ್ಟಿದ್ದು ಬಂದರಿನ ಹಿಂದಿನ ಮಾರುಕಟ್ಟೆಯನ್ನು. ಎರ್ಸೀಲಿಯಳಿಗೆ ಹಸಿವಾಗಿತ್ತು. ಅವಳು ಕೊಮೆಂದತೋರೆಗೆ ಕೊಡಬೇಕೆಂದು ಬೆಳಗಿನ ಜಾವ ಎದ್ದು ಕರಿದ ಬಾರ್ಬಜುವಾಯ್ ತಂದಿದ್ದಳು. ಕುಂಬಳಕಾಯಿ, ಗಿಣ್ಣು ತುಂಬಿದ ನಮ್ಮ ಬೆಟ್ಟದ ಕರಿದ ಕಡುಬು. ಅಂಗಡಿಯೊಂದರ ಮುಂದೆ ಗಂಟು ಬಿಚ್ಚಿದವಳು ಹಾಗೇ ನಿಂತಳು. ಗಾಜಿನ ಹಿಂದೆ ತಟ್ಟೆಯಲ್ಲಿ ಅದೇ ಕಡುಬು ಇತ್ತು.

"ಇದು ನಮ್ಮದು!" ಎಂದಳು.

"ಇದು ನಮ್ಮ ರಾಷ್ಟ್ರೀಯ ತಿಂಡಿ" ಎಂದಳು ಅಂಗಡಿಯವಳು, ಸೊಂಟಕ್ಕೆ ಕೈಯಿಟ್ಟು. "ಒಳಗೆ ಸೊಪ್ಪು ಇರುತ್ತೆ."

"ಸೊಪ್ಪಾ? ಸೊಪ್ಪು ತುಂಬೋದು ಕುಂಬಳಕಾಯಿ ಬೆಳೆಯಕ್ಕೆ ಜಾಗ ಇಲ್ಲದೋರು!"

ಈ ಮಾತು ಒಂದು ಸ್ವತಂತ್ರ ದೇಶಕ್ಕೆ ಸ್ವಲ್ಪ ಹೆಚ್ಚೇ ಆಯಿತು. ಅಂಗಡಿಯವಳು ಸೌಟು ಕೈಗೆತ್ತಿಕೊಂಡಳು. ಆಗ ಪಕ್ಕದ ಮೇಜಿನಿಂದ ಒಬ್ಬ ಮುದುಕ ಎದ್ದು ಬಂದ. ಬಿಳಿಯ ಹ್ಯಾಟು, ಕೊರಳಿಗೆ ರೇಷ್ಮೆ ವಸ್ತ್ರ, ಕೈಯಲ್ಲಿ ಬೆಳ್ಳಿ ಹಿಡಿಯ ಬೆತ್ತ. ಎರ್ಸೀಲಿಯಳ ಗಂಟಿನಿಂದ ಒಂದು ಕಡುಬು ತೆಗೆದು ಕಚ್ಚಿದ. ಅಗಿಯುವುದನ್ನು ನಿಲ್ಲಿಸಿದ. ಅವನ ಕಣ್ಣು ಒದ್ದೆಯಾಯಿತು.

"ನಮ್ಮಜ್ಜಿ" ಎಂದ. ಎಂದದ್ದು ಅಚ್ಚ ನಮ್ಮ ಬೆಟ್ಟದ ಮಾತಿನಲ್ಲಿ!

ಅದರಲ್ಲಿ ಅಚ್ಚರಿ ಏನಿಲ್ಲ. ಮೊನಾಕೋದ ಹಳಬರ ಮಾತು ನಮ್ಮ ಮಾತಿನ ತಮ್ಮನೇ. ಆದರೆ ಅಲ್ಲಿ ಅದನ್ನು ಆಡುವವರು ಕಡಿಮೆ, ಆಡಿದರೆ ತಿಳಿಯುವವರು ಇನ್ನೂ ಕಡಿಮೆ. ಮುದುಕ ಇಷ್ಟು ವರ್ಷ ಕೂಡಿಟ್ಟ ಮಾತನ್ನೆಲ್ಲ ಒಟ್ಟಿಗೆ ಸುರಿಯತೊಡಗಿದ. ನೀವೆಸ್ ಗೌದೆಂಚ್ಯೊನ ಮೊಣಕೈ ಹಿಂಡಿದಳು.

"ನಮ್ಮ ಮಾತು ಆಡ್ತಾರೆ! ಇವರೇನೋ?"

ಗೌದೆಂಚ್ಯೊ ಬೆಳಗಿನಿಂದ ಎರಡು ದೇಶ ಹತ್ತಿ ಇಳಿದಿದ್ದ. ಕಾಲಿನಲ್ಲಿ ಗುಳ್ಳೆ ಎದ್ದಿತ್ತು. ರೇಷ್ಮೆ ವಸ್ತ್ರ ನೋಡಿದ, ಬೆಳ್ಳಿ ಬೆತ್ತ ನೋಡಿದ, ಕಣ್ಣು ಮುಚ್ಚಿದ.

"ಇವರೇ" ಎಂದ.

ನೀವೆಸ್ ಲಂಗ ಸರಿಮಾಡಿಕೊಂಡು ಮುಂದೆ ಬಂದಳು. "ಕೊಮೆಂದತೋರೆ! ನಾನು ನೀವೆಸ್. ನಿಮ್ಮ ವಿಷಯ ಎಲ್ಲಾ ಗೊತ್ತು ನಂಗೆ!"

ಮುದುಕ ಸಂಸ್ಕಾರವಂತ. ಹೆಂಗಸು ತನ್ನ ಹೆಸರು ಹೇಳಿದ ಮೇಲೆ ಹ್ಯಾಟು ತೆಗೆದು ಬಾಗಿದ.

ಆ ತಲೆಯ ಮೇಲೆ ಒಂದೇ ಒಂದು ಕೂದಲಿರಲಿಲ್ಲ. ಮೇ ತಿಂಗಳ ಬಿಸಿಲು ಅದರ ಮೇಲೆ ಬಿದ್ದು ನೇರವಾಗಿ ನಮ್ಮ ಕಣ್ಣಿಗೆ ಹೊಡೆಯಿತು. ಅಂಗಡಿಯವಳು ಕೂಡ ಸೌಟು ಕೆಳಗಿಟ್ಟಳು.

"ಇಪ್ಪತ್ತು ವರ್ಷ, ಗೌದೆಂಚ್ಯೊ" ಎಂದಳು ನೀವೆಸ್, ಬಹಳ ಮೆಲ್ಲಗೆ. "ಇಪ್ಪತ್ತು ವರ್ಷ ಏನನ್ನ ಕತ್ತರಿಸ್ದೆ?"

"ನಾನು ಶುರು ಮಾಡ್ದಾಗ ಇತ್ತು."

"ಅಷ್ಟೂ ನೀನೇ ಮುಗಿಸ್ದೆಯಾ?"

ಮುದುಕ ಒಬ್ಬೊಬ್ಬರ ಮುಖವನ್ನೂ ನೋಡಿದ. "ನಾನು ಕೊಮೆಂದತೋರೆ ಅಲ್ಲಮ್ಮ. ಅಂಬ್ರೋಸ್ ಅಂತ. ಇಲ್ಲಿನ ಲಿಫ್ಟುಗಳನ್ನ ರಿಪೇರಿ ಮಾಡ್ತಿದ್ದೆ. ಇದು ನಂಗೆ ಇಪ್ಪತ್ತಾರನೇ ವಯಸ್ಸಿಗೇ ಹಿಂಗಾಯ್ತು." ಅಷ್ಟರಲ್ಲಿ ಅವನ ದೃಷ್ಟಿ ಗೌದೆಂಚ್ಯೊನ ಮುಖದ ಮೇಲೆ ಬಿತ್ತು. ಆ ಮುಖದಲ್ಲಿ ಏನು ಕಂಡನೋ, ಗಂಡಸಿಗೆ ಗಂಡಸು ಆಗಬೇಕಲ್ಲ, ತಟ್ಟನೆ ದಾರಿ ಬದಲಿಸಿದ. "ಆದ್ರೆ ಹುಬ್ಬು! ಹುಬ್ಬು ಇವರೇ ಕತ್ತರಿಸೋದು. ನನ್ನ ಹುಬ್ಬು ವಿಪರೀತ ಬೆಳೆಯುತ್ತಮ್ಮಾ."

"ಹೌದಾ? ಇವನ ಹೆಸರೇನು ಹೇಳಿ?"

ಮುದುಕ ಗೌದೆಂಚ್ಯೊನನ್ನು ನೋಡಿದ. ಗೌದೆಂಚ್ಯೊ ತುಟಿ ಅಲುಗಿಸಿದ. ಮುದುಕನಿಗೆ ಕನ್ನಡಕವಿಲ್ಲದೆ ತುಟಿ ಓದಲು ಬಾರದು.

"ನಮ್ಮಿಬ್ಬರ ಮಧ್ಯೆ ಹೆಸರಿಲ್ಲ" ಎಂದ ಅವನು. "ಅಷ್ಟು ಸ್ನೇಹ."

ನಾನು ನಕ್ಕುಬಿಡುವವನಿದ್ದೆ. ಅಷ್ಟರಲ್ಲಿ ಎರ್ಸೀಲಿಯಳ ಮುಖ ಕಂಡಿತು. ಅವಳು ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಗಂಡನ ಮೇಲೆ ದನಿ ಏರಿಸಿದವಳಲ್ಲ. ಈಗಲೂ ಏರಿಸಲಿಲ್ಲ.

"ಹಾಗಾದ್ರೆ ಸೋಮವಾರ ಎಲ್ಲಿಗೆ ಹೋಗ್ತಿದ್ದೆ?"

"ವೆಂತಿಮಿಲ್ಯಕ್ಕೆ" ಎಂದ ಗೌದೆಂಚ್ಯೊ. "ಕಡಲ ದಂಡೆಗೆ. ಸುಮ್ನೆ ಕೂತ್ಕೊಳ್ತಿದ್ದೆ."

"ಯಾರ ಜೊತೆ?"

"ಯಾರೂ ಇಲ್ಲ."

"ನೋಡು ತಂಗಿ" ಎಂದಳು ನೀವೆಸ್, "ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕೂತವಳು ಹೇಳ್ತೀನಿ. 'ಯಾರೂ ಇಲ್ಲ' ಅನ್ನೋದು ಯಾವಾಗ್ಲೂ ಒಬ್ಬ ಹೆಂಗಸಿನ ಹೆಸರು."

ಎರ್ಸೀಲಿಯಳ ಕೈಯಿಂದ ಗಂಟು ಜಾರಿತು. ಕಡುಬುಗಳು ಆ ದೇಶದ ಥಳಥಳಿಸುವ ಕಲ್ಲುಹಾಸಿನ ಮೇಲೆ ಉರುಳಿಕೊಂಡು ಹೋದವು. ಅಲ್ಲಿ ಕಂಬಕ್ಕೊಂದು ಕ್ಯಾಮೆರಾ. ಕೊನೆಯ ಕಡುಬು ನಿಲ್ಲುವುದಕ್ಕೆ ಮೊದಲೇ ಬಿಳಿ ಕೈಗವಸು ಹಾಜರಾಯಿತು. ಮೇಲೆ ಕಂಡವನೇ, ಇಲ್ಲವೇ ಅವನ ಅವಳಿ.

"ಏನಾಯ್ತಮ್ಮಾ? ಕಳ್ಳತನವಾ?"

"ಹೂಂ" ಎಂದಳು ಎರ್ಸೀಲಿಯ ಅಳುತ್ತ. "ನನ್ನ ಇಪ್ಪತ್ತು ವರ್ಷ ಹೋಯ್ತು."

ಪೊಲೀಸ ಪುಸ್ತಕ ತೆಗೆದು ಬರೆದುಕೊಂಡ. "ಇಪ್ಪತ್ತು ವರ್ಷ. ಕೊನೆಗೆ ನೋಡಿದ್ದು ಎಲ್ಲಿ?"

ಅಂಬ್ರೋಸ್ ಬಗ್ಗಿ, ಬಿದ್ದ ಕಡುಬುಗಳನ್ನು ಒಂದೊಂದಾಗಿ ಹ್ಯಾಟಿನೊಳಗೆ ಹೆಕ್ಕಿದ. ಎದ್ದು ನಿಂತು, "ಅಮ್ಮಾ" ಎಂದ, "ನಾನು ಲಿಫ್ಟಿನವನು. ಕೆಟ್ಟಿದೆ ಅಂತ ಹತ್ತು ಜನ ಹೇಳಿದ್ರೂ ನಂಬ್ತಿರ್ಲಿಲ್ಲ, ಒಳಗೆ ನಿಂತು ನೋಡ್ತಿದ್ದೆ. ವೆಂತಿಮಿಲ್ಯ ಏನು ದೂರ? ಹೋಗಿ ನೋಡಿ."

ನಮ್ಮ ಮೊನಾಕೋ ಭೇಟಿ ಹೀಗೆ ಮೂರು ಗಂಟೆಯಲ್ಲಿ ಮುಗಿಯಿತು. ಅದರಲ್ಲೂ ಒಂದಷ್ಟು ಫ್ರಾನ್ಸಿಗೆ ಹೋಯಿತು. ಅರಮನೆ ನೋಡಲಿಲ್ಲ, ದೋಣಿಗಳನ್ನು ನೋಡಲಿಲ್ಲ. ನಾನು ನನ್ನ ಪಾಲಿಗೆ ಸೊಪ್ಪಿನ ಕಡುಬು ಒಂದನ್ನು ತಿಂದೆ. ಚೆನ್ನಾಗಿತ್ತು, ಆದರೆ ಎರ್ಸೀಲಿಯಳ ಮುಂದೆ ಹೇಳಲಿಲ್ಲ.

*

ವೆಂತಿಮಿಲ್ಯದಲ್ಲಿ ಇಳಿದು ಗೌದೆಂಚ್ಯೊ ಮುಂದೆ ನಡೆದ. ಆ ಊರಿನಲ್ಲಿ ಅವನು ಒಂದು ತಿರುವಿನಲ್ಲೂ ತಡೆಯಲಿಲ್ಲ. ಮೀನಿನಂಗಡಿ ಬಳಸಿ, ಗೋಡೆಯ ಸಂದಿನಲ್ಲಿ ನುಸುಳಿ, ಕಣ್ಣು ಕಟ್ಟಿ ಬಿಟ್ಟರೂ ಹೋಗುವವನಂತೆ ಹೋದ. ಅದನ್ನು ನೋಡುತ್ತ ನೋಡುತ್ತ ಎರ್ಸೀಲಿಯಳ ಮುಖ ಇನ್ನಷ್ಟು ಬಾಡಿತು.

ದಂಡೆಯಲ್ಲಿ ಬಾಡಿಗೆ ಕುರ್ಚಿಗಳ ಸಾಲು. ಅದರಾಚೆ ಒಂದು ಮರದ ಗೂಡು. ಒಳಗಿನಿಂದ ಹೆಂಗಸಿನ ದನಿ ಬಂತು: "ಸೋಮವಾರಪ್ಪ! ಬಂದ್ರಾ? ಇವತ್ಯಾಕೆ ಇಷ್ಟು ತಡ?"

"ಹೆಂಗಸು!" ಎಂದಳು ನೀವೆಸ್. ಅವಳ ಬದುಕಿನ ಅತ್ಯಂತ ಸಂತೋಷದ ಕ್ಷಣ ಅದು. ನಾನು ಸಾಕ್ಷಿ.

ಗೂಡಿನ ಬಾಗಿಲು ತೆರೆಯಿತು. ಕುರ್ಚಿಗಳನ್ನು ಬಾಡಿಗೆಗೆ ಕೊಡುವ, ಎಂಬತ್ತೆಂಟು ವರ್ಷದ ಜೆಲಿಂದ ಎಂಬ ಅಜ್ಜಿ ಎರಡು ಕೋಲೂರಿಕೊಂಡು ಹೊರಗೆ ಬಂದಳು. ನೀವೆಸಳ ಸಂತೋಷ ಅಲ್ಲೇ ತೀರಿಕೊಂಡಿತು.

"ಅಜ್ಜೀ" ಎಂದಳು ಎರ್ಸೀಲಿಯ, "ಈ ಮನುಷ್ಯ ಇಲ್ಲಿ ಏನು ಮಾಡ್ತಾನೆ?"

"ಇವರಾ? ಬರ್ತಾರೆ, ಬೂಟು ಬಿಚ್ತಾರೆ, ಮುಖದ ಮೇಲೆ ಟವೆಲ್ ಹಾಕೊಂಡು ಮಲಗ್ತಾರೆ. ಉಸಿರಿದೆಯೋ ಇಲ್ವೋ ಅಂತ ಎರಡು ಸಲ ಮೂಗಿನ ಹತ್ರ ಕನ್ನಡಿ ಹಿಡಿದು ನೋಡಿದ್ದೀನಿ."

"ಯಾರಾದ್ರೂ ಜೊತೆಗೆ ಇರ್ತಾರಾ?"

"ಬಾತುಕೋಳಿ ಬರ್ತವೆ."

"ಮಾತು?"

"ಬಂದಾಗ ನಮಸ್ಕಾರ, ಹೋಗೋವಾಗ ನಮಸ್ಕಾರ. ಇಂಥ ಗಿರಾಕಿ ನಂಗೆ ಇನ್ನೊಬ್ಬ ಸಿಕ್ಕಿಲ್ಲ ತಾಯಿ. ಹೆಸರೂ ಹೇಳಿಲ್ಲ, ಅದಕ್ಕೇ ಸೋಮವಾರಪ್ಪ ಅಂತೀನಿ."

ಎರ್ಸೀಲಿಯ ಗಂಡನ ಕಡೆ ತಿರುಗಿದಳು. "ಇದನ್ನ ನಂಗೆ ಹೇಳೋಕೇನಾಗಿತ್ತು?"

"ಏನಂತ ಹೇಳ್ಲಿ?" ಎಂದ ಗೌದೆಂಚ್ಯೊ. "ಬೆಳಗಿಂದ ಸಂಜೆ ತನಕ ಕುರ್ಚಿಗೆ ಬಂದು ಕೂತವ್ರೆಲ್ಲ ಮಾತಾಡ್ತಾರೆ. ಒಬ್ಬಂಗೆ ಮೊಣಕಾಲು, ಇನ್ನೊಬ್ಬಂಗೆ ಮೇಯರು. ಮನೆಗೆ ಬಂದ್ರೆ..." ಅವನು ನೀವೆಸಳನ್ನು ನೋಡಿದ, ಮಾತನ್ನು ಅಲ್ಲೇ ನುಂಗಿದ. "ಕಿವಿ, ಎರ್ಸೀಲಿಯ. ಕಿವಿಗೊಂದು ದಿನ ರಜಾ ಕೊಡ್ತಿದ್ದೆ. ಇಂಥದ್ದಕ್ಕೆ ನೆಪ ಅಂತ ಒಬ್ಬ ಗಿರಾಕಿ ಬೇಕೇಬೇಕಾಗಿತ್ತು."

ಎರ್ಸೀಲಿಯ ಸಾಲಿನ ಕೊನೆಯಲ್ಲಿ, ಬಂಡೆಯ ಮರೆಯಲ್ಲಿದ್ದ ಕುರ್ಚಿಯ ಹತ್ತಿರ ಹೋದಳು. ಅದರ ಬಟ್ಟೆ ಗೌದೆಂಚ್ಯೊನ ಬೆನ್ನಿನ ಆಕಾರಕ್ಕೇ ತಗ್ಗಿತ್ತು. ಕೂತಳು. ಬೂಟು ಬಿಚ್ಚಿದಳು, ಕಾಲುಚೀಲವನ್ನೂ ಬಿಚ್ಚಿದಳು. ಅಲೆ ಬಂತು, ಹೋಯಿತು. ನಾವು ಮೂವರೂ ತೀರ್ಪಿಗೆ ಕಾಯುವವರ ಹಾಗೆ ನಿಂತೆವು. ನಮ್ಮ ಬಸ್ಸಿನ ಹೊತ್ತು ಮೀರಿತು. ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

"ಇಲ್ಲಿ ಕೂತು ಏನು ಯೋಚ್ನೆ ಮಾಡ್ತಿದ್ದೆ?" ಎಂದು ಕಣ್ಣು ಮುಚ್ಚಿಯೇ ಕೇಳಿದಳು.

"ಏನೂ ಇಲ್ಲ."

"ಇಡೀ ದಿನ?"

"ಇಡೀ ದಿನ."

ಅವಳು ಅದನ್ನೇ ಸ್ವಲ್ಪ ಹೊತ್ತು ಮಾಡಿ ನೋಡಿದಳು. ಅವಳ ಭುಜ ಇಳಿಯಿತು, ಹಣೆಯ ಗೆರೆ ಇಳಿಯಿತು. ಕೊನೆಗೆ ಒಂದು ಕಣ್ಣು ತೆರೆದು, "ಗೌದೆಂಚ್ಯೊ, ಮುಂದಿನ ತಿಂಗಳಿಗೆ ಅಜ್ಜಿ ಹತ್ರ ಇನ್ನೊಂದು ಕುರ್ಚಿ ಹೇಳಿಡು" ಎಂದಳು.

ಗೌದೆಂಚ್ಯೊನ ಮುಖ ಅರಳಿತು. ಓಡಿ ಹೋಗಿ ಹೆಂಡತಿಯ ಕೈ ಹಿಡಿದುಕೊಂಡ. ಜೆಲಿಂದಜ್ಜಿ ಸೆರಗಿಲ್ಲದ್ದಕ್ಕೆ ತೋಳಿನಲ್ಲೇ ಕಣ್ಣು ಒರೆಸಿಕೊಂಡಳು.

"ಒಂದಲ್ಲ, ಎರಡು ಹೇಳು" ಎಂದಿತು ಹಿಂದಿನಿಂದ ಒಂದು ದನಿ. ನೀವೆಸ್ ಆಗಲೇ ಒಂದು ಬೂಟು ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. "ನಂದು ಮಧ್ಯದಲ್ಲಿ ಇರ್ಲಿ. ಇಬ್ಬರ ಹತ್ರಾನೂ ಮಾತಾಡ್ಬಹುದು."

ಗೌದೆಂಚ್ಯೊ ಹೆಂಡತಿಯ ಕೈ ಬಿಡಲಿಲ್ಲ. ಕಣ್ಣು ಮಾತ್ರ ಎತ್ತಿ, ಕಡಲಿನ ಉದ್ದಕ್ಕೂ ಬಹಳ ಹೊತ್ತು ನೋಡಿದ. ಆಚೆ ದಡದಲ್ಲಿ ಇನ್ನೂ ಯಾವುದಾದರೂ ಸಣ್ಣ ದೇಶ ಉಳಿದಿದೆಯೇ ಎಂದು ಹುಡುಕುವವನ ಹಾಗೆ.